ಗೋಡೆಯನ್ನೂ ಮೂಸಿ ನೋಡುವವನು

ಟೆಕ್ಸ್ಟ್ ಅಡ್ವೆಂಚರ್ ಆಟಗಳ ಬೀಟಾ ಟೆಸ್ಟರ್ ಎಂದರೆ ಇನ್ನೂ ಅರ್ಧ ಬೆಂದ ಆಟವನ್ನು ಬಿಟ್ಟಿಯಾಗಿ ಆಡಿ, ಅದರಲ್ಲಿ ಎಲ್ಲೆಲ್ಲಿ ಕಲ್ಲು ಕಡಿಯಬೇಕಾಯಿತು ಎಂದು ಬರೆದವನಿಗೆ ತಿಳಿಸುವ ಮನುಷ್ಯ. ಅವನಿಗೆ ಸಂಬಳವಿಲ್ಲ, ರಜೆಯೂ ಇಲ್ಲ. ಕೆಲಸದ ವೇಳೆ ಮನೆಯವರೆಲ್ಲ ಮಲಗಿದ ಮೇಲೆ. ಈ ಜಾತಿಯಲ್ಲಿ ಹೆಂಗಸರೂ ಸಾಕಷ್ಟಿದ್ದಾರೆ. ‘ಅವನು’ ಎಂಬುದು ಬರವಣಿಗೆಯ ಅನುಕೂಲಕ್ಕೆ ಮಾತ್ರ.

ಈ ಆಟಗಳಲ್ಲಿ ಸಾಮಾನ್ಯವಾಗಿ ಚಿತ್ರ ಇರುವುದಿಲ್ಲ. ‘ನೀವು ಅಡುಗೆಮನೆಯಲ್ಲಿದ್ದೀರಿ, ಮೂಲೆಯಲ್ಲೊಂದು ಭರಣಿ ಇದೆ, ಉತ್ತರಕ್ಕೆ ಬಾಗಿಲು’ ಎಂದು ಪರದೆಯ ಮೇಲೆ ನಾಲ್ಕು ಸಾಲು ಬರುತ್ತದೆ. ಆಡುವವನು ‘ಭರಣಿ ತೆರೆ’ ಎಂದು ಟೈಪ್ ಮಾಡಿದರೆ ಆಟ ಅದಕ್ಕೆ ತಕ್ಕ ಉತ್ತರ ಕೊಡಬೇಕು. ಅಮೆರಿಕದ ಕೆಂಟಕಿಯ ಮ್ಯಾಮತ್ ಗುಹೆಗಳಲ್ಲಿ ತೆವಳುವ ಹುಚ್ಚಿದ್ದ ಪ್ರೋಗ್ರಾಮರ್ ವಿಲ್ ಕ್ರೌಥರ್ 1970ರ ದಶಕದ ನಡುವಿನಲ್ಲಿ ಆ ಗುಹೆಗಳನ್ನೇ ಇಂಥದೊಂದು ಆಟವಾಗಿ ಬರೆದ. 1977ರಲ್ಲಿ ಸ್ಟ್ಯಾನ್‌ಫರ್ಡ್‌ನ ಡಾನ್ ವುಡ್ಸ್ ಅದನ್ನು ಹಿಗ್ಗಿಸಿ ನಿಧಿಗಳನ್ನೂ ಒಗಟುಗಳನ್ನೂ ತುಂಬಿದ. ಬೇರೆಯವನೊಬ್ಬ ಬಂದು ಕೈಯಾಡಿಸಿದ ಮೇಲೆಯೇ ಆಟಕ್ಕೆ ಕಳೆ ಬಂತು ಎಂಬುದನ್ನು ಟೆಸ್ಟರ್‌ಗಳು ಇಂದಿಗೂ ಅರ್ಥಗರ್ಭಿತವಾಗಿ ನೆನಪಿಸುತ್ತಿರುತ್ತಾರೆ.

ಬರೆದವನೇ ತನ್ನ ಆಟವನ್ನು ಪರೀಕ್ಷಿಸಿಕೊಳ್ಳಬಾರದೇ? ಪರೀಕ್ಷಿಸುತ್ತಾನೆ, ದಿನಕ್ಕೆ ಹತ್ತು ಸಲ. ಆದರೆ ಭರಣಿಯನ್ನು ತೆರೆಯಬೇಕು ಎಂಬುದು ಅವನಿಗೆ ಮೊದಲೇ ಗೊತ್ತು. ಹಾಗಾಗಿ ಅದನ್ನು ಒಡೆಯುವುದೂ ಇಲ್ಲ, ತಲೆಗೆ ಹಾಕಿಕೊಳ್ಳಲು ಹೋಗುವುದೂ ಇಲ್ಲ. ತಾನು ತೋಡಿದ ಕಾಲುವೆಯಲ್ಲಿಯೇ ನಡೆದು ಕೊನೆ ಮುಟ್ಟಿ ‘ಎಲ್ಲಾ ಸರಿಯಾಗಿದೆ’ ಎಂದು ಮಲಗುತ್ತಾನೆ. ಟೆಸ್ಟರ್‌ನ ಅಗತ್ಯ ಹುಟ್ಟುವುದು ಇಲ್ಲಿ.

ಟೆಸ್ಟರ್ ಆಟಕ್ಕೆ ಕಾಲಿಟ್ಟ ಕೂಡಲೇ ಕಥೆಯನ್ನು ಬದಿಗಿಟ್ಟು ನಾಮಪದಗಳನ್ನು ಹಿಡಿಯುತ್ತಾನೆ. ವರ್ಣನೆಯಲ್ಲಿ ‘ಕಿಟಕಿಯಿಂದ ಇಳಿಬಿಸಿಲು ಧೂಳು ಹಿಡಿದ ಪರದೆಯ ಮೇಲೆ ಬಿದ್ದಿದೆ’ ಎಂದಿದ್ದರೆ ಸಾಮಾನ್ಯ ಓದುಗ ತಲೆದೂಗಿ ಮುಂದೆ ಹೋಗುತ್ತಾನೆ. ಟೆಸ್ಟರ್‌ಗೆ ಅದು ನಾಲ್ಕು ಹೊಸ ಕೆಲಸ: ಕಿಟಕಿ, ಬಿಸಿಲು, ಧೂಳು, ಪರದೆ. ಒಂದೊಂದನ್ನೂ ನೋಡುತ್ತಾನೆ, ಮುಟ್ಟುತ್ತಾನೆ, ಎತ್ತಲು ಯತ್ನಿಸುತ್ತಾನೆ. ಧೂಳನ್ನು ತಿನ್ನುತ್ತಾನೆ. ಬಕೆಟ್ ಸಿಕ್ಕರೆ ತೊಟ್ಟುಕೊಳ್ಳುತ್ತಾನೆ. ದೀಪವನ್ನು ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಅದೇ ಪೆಟ್ಟಿಗೆಯೊಳಗೆ ಇಡಲು ನೋಡುತ್ತಾನೆ. ಲೇಖಕ ಕಣ್ಣೀರಿಟ್ಟು ಬರೆದ ಸಾವಿನ ದೃಶ್ಯದಲ್ಲಿ ಅಜ್ಜಿಯನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಅಜ್ಜಿ ಎತ್ತಬಾರದವಳು ಎಂದು ಲೇಖಕ ಕೋಡ್‌ನಲ್ಲಿ ಹೇಳಲು ಮರೆತಿದ್ದರೆ ಆಟ ನಿರ್ವಿಕಾರವಾಗಿ ‘ತೆಗೆದುಕೊಂಡಿರಿ’ ಎನ್ನುತ್ತದೆ. ಟೆಸ್ಟರ್‌ನ ಜೀವನದಲ್ಲಿ ಇದಕ್ಕಿಂತ ದೊಡ್ಡ ಸಂತೋಷಗಳು ಕಡಿಮೆ.

ಇದರ ನಡುವೆ ಎಲ್ಲೋ ಒಂದು ಕಡೆ ಅವನು ‘ಕ್ಸಿಜ಼ಿ’ ಎಂದು ಟೈಪ್ ಮಾಡಿಯೇ ಮಾಡುತ್ತಾನೆ. ಅದು ಕ್ರೌಥರ್‌ನ ಆಟದ ಮಂತ್ರ. ಗುಹೆಯೊಳಗಿದ್ದವನನ್ನು ಕ್ಷಣದಲ್ಲಿ ಹೊರಗಿನ ಮನೆಗೆ ತಲುಪಿಸುತ್ತಿತ್ತು. ಮುಂದೆ ಬಂದ ಎಷ್ಟೋ ಆಟಗಳು ಅದಕ್ಕೊಂದು ಚೇಷ್ಟೆಯ ಉತ್ತರ ಇಟ್ಟುಕೊಂಡಿವೆ. ಹೊಸ ಆಟದಲ್ಲಿ ಉತ್ತರವಿಲ್ಲದಿದ್ದರೆ ಟೆಸ್ಟರ್ ಅದನ್ನು ದೋಷ ಎಂದು ಬರೆಯುವುದಿಲ್ಲ. ‘ಗಮನಕ್ಕೆ’ ಎಂದು ಬರೆಯುತ್ತಾನೆ. ಅದು ಇನ್ನೂ ಕೆಟ್ಟದ್ದು.

ಟೆಸ್ಟರ್‌ನ ನಿಜವಾದ ಕೃತಿ ಟ್ರಾನ್ಸ್‌ಕ್ರಿಪ್ಟ್. ಆಟದ ಆರಂಭದಲ್ಲಿ ಒಂದು ಆಜ್ಞೆ ಕೊಟ್ಟರೆ ಅಲ್ಲಿಂದ ಮುಂದೆ ಅವನು ಟೈಪ್ ಮಾಡಿದ್ದು, ಆಟ ಉತ್ತರಿಸಿದ್ದು ಎಲ್ಲವೂ ಒಂದು ಕಡತದಲ್ಲಿ ದಾಖಲಾಗುತ್ತದೆ. ನಡುವೆ ಏನಾದರೂ ಹೇಳಬೇಕೆನಿಸಿದರೆ ಸಾಲಿನ ಮೊದಲಿಗೆ ನಕ್ಷತ್ರ ಚಿಹ್ನೆ ಹಾಕಿ ಬರೆಯುವುದು ರೂಢಿ. ಅದು ಆಟಕ್ಕೆ ಕೊಟ್ಟ ಆಜ್ಞೆಯಲ್ಲ, ಲೇಖಕನಿಗೆ ಹೇಳಿದ ಮಾತು. ಆಟಗಳು ಹೆಚ್ಚಾಗಿ ಇಂಗ್ಲಿಷಿನವು. ಕನ್ನಡದಲ್ಲಿ ಇದ್ದಿದ್ದರೆ ಸುಮಾರು ಹೀಗಿರುತ್ತಿತ್ತು:

> ಕಿಟಕಿ ನೋಡು
ಅಂಥದ್ದೇನೂ ಇಲ್ಲಿ ಕಾಣಿಸುತ್ತಿಲ್ಲ.
> * ಈಗಷ್ಟೇ ಕಿಟಕಿಯಿಂದ ಬಿಸಿಲು ಬೀಳ್ತಿದೆ ಅಂದ್ರಲ್ಲ?
> ಮುಚ್ಚಳ ತೆರೆ
ಅದು ನಿಮ್ಮಿಂದಾಗದು.
> ಮುಚ್ಚಳ ಎತ್ತು
ಅದು ನಿಮ್ಮಿಂದಾಗದು.
> ಮುಚ್ಚಳ ತಿರುಗಿಸು
ಆ ಪದ ನನಗೆ ಗೊತ್ತಿಲ್ಲ.
> * ತಿರುಪಿನ ಮುಚ್ಚಳ ಅಂತ ನೀವೇ ಬರೆದಿದ್ದೀರಿ ಸಾರ್.

ಟ್ರಾನ್ಸ್‌ಕ್ರಿಪ್ಟ್ ಬೆಳೆದಂತೆ ನಕ್ಷತ್ರದ ಸಾಲುಗಳ ದನಿ ಬದಲಾಗುತ್ತದೆ. ಮೊದಲ ಪುಟದಲ್ಲಿ ‘ವರ್ಣನೆ ಬಹಳ ಚೆನ್ನಾಗಿದೆ, ಒಂದು ಸಣ್ಣ ಸಲಹೆ’ ಎಂದಿರುತ್ತದೆ. ಹತ್ತನೆಯ ಪುಟದಲ್ಲಿ ‘ಇಲ್ಲೂ ಅದೇ’. ಇಪ್ಪತ್ತನೆಯದರಲ್ಲಿ ನಕ್ಷತ್ರವಷ್ಟೇ ಇದ್ದು, ಮುಂದಿನ ಜಾಗ ಖಾಲಿ. ಅನುಭವಿ ಲೇಖಕರು ಆ ಖಾಲಿ ನಕ್ಷತ್ರವನ್ನೇ ಹೆಚ್ಚು ಹೊತ್ತು ನೋಡುತ್ತಾರಂತೆ.

ಟೆಸ್ಟರ್ ಬೆಲೆ ಕಟ್ಟುವುದು ತನ್ನ ಅಭಿಪ್ರಾಯಗಳಿಗೆ. ಲೇಖಕನಿಗೆ ಬೇಕಾದದ್ದು ಅವನ ತಡಬಡಾಯಿಸುವಿಕೆ. ಟೆಸ್ಟರ್ ಟ್ರಾನ್ಸ್‌ಕ್ರಿಪ್ಟ್ ಜೊತೆಗೆ ಉದ್ದನೆಯ ಪತ್ರವೊಂದನ್ನು ಲಗತ್ತಿಸುತ್ತಾನೆ: ನಾಯಕನನ್ನು ಪತ್ತೇದಾರ ಮಾಡಬಹುದು, ಎರಡನೆಯ ಭಾಗ ಚಂದ್ರನ ಮೇಲೆ ನಡೆಯಲಿ, ಕೊನೆಯಲ್ಲಿ ನಾಯಿ ಮಾತಾಡಲಿ. ಈ ಪತ್ರಕ್ಕೆ ಲೇಖಕನಿಂದ ‘ಯೋಚಿಸುತ್ತೇನೆ’ ಎಂಬ ಉತ್ತರ ಬರುತ್ತದೆ, ವಿಷಯ ಅಲ್ಲಿಗೆ ಮುಗಿಯುತ್ತದೆ. ಆದರೆ ಮುಚ್ಚಳ ತೆರೆಯಲು ಅವನು ಬಳಸಿದ ಏಳು ಕ್ರಿಯಾಪದಗಳ ಪಟ್ಟಿ ಇದೆಯಲ್ಲ, ತಾನು ಬರೆದದ್ದೆಂದೇ ಅವನು ಭಾವಿಸದ ಆ ಪಟ್ಟಿ, ಅದನ್ನು ಲೇಖಕ ಅಕ್ಷರಶಃ ಕೋಡ್‌ಗೆ ಇಳಿಸುತ್ತಾನೆ.

ನೆಂಟರು, ಸ್ನೇಹಿತರ ಪೈಕಿ ಟೆಸ್ಟರ್ ಆಗುವವರು ಬೇರೆಯೇ ಒಂದು ಉಪಜಾತಿ. ಅವರ ವರದಿ ಒಂದೇ ಪದದ್ದು: ‘ಸೂಪರ್’. ಟ್ರಾನ್ಸ್‌ಕ್ರಿಪ್ಟ್ ತೆರೆದರೆ ಹನ್ನೆರಡು ಸಾಲು. ಎರಡನೆಯ ಕೋಣೆಯಲ್ಲಿ ಊಟಕ್ಕೆ ಎದ್ದವರು ವಾಪಸು ಬಂದಿಲ್ಲ.

ಲೇಖಕನೂ ಕಮ್ಮಿಯಿಲ್ಲ. ‘ಮುಲಾಜಿಲ್ಲದೆ ಹೇಳಿ’ ಎಂದು ಕಳಿಸಿದವನೇ, ಮುಲಾಜಿಲ್ಲದ ವರದಿ ಬಂದಾಗ ‘ಅದು ಒಗಟಿನ ಭಾಗ’ ಎಂದು ವಾದಕ್ಕಿಳಿಯುತ್ತಾನೆ. ಆಟದೊಳಗೆ ಹೇಳಬೇಕಾದ ಸುಳಿವನ್ನು ಪತ್ರದಲ್ಲಿ ಮೂರು ಪ್ಯಾರಾ ವಿವರಿಸುತ್ತಾನೆ. ಆ ಮೂರು ಪ್ಯಾರಾಗಳಲ್ಲಿ ಒಂದು ಸಾಲನ್ನು ಆಟಕ್ಕೆ ಸೇರಿಸಿದ್ದರೆ ಪತ್ರವೇ ಬೇಕಿರಲಿಲ್ಲ.

ಈ ಜಗಳಕ್ಕೆ ಇತಿಹಾಸವಿದೆ. 1977ರಲ್ಲಿ ಎಂಐಟಿಯ ಕೆಲವರು ‘ಜ಼ಾರ್ಕ್’ ಎಂಬ ಆಟ ಕಟ್ಟಲು ತೊಡಗಿದಾಗ ಅವರ ಕಂಪ್ಯೂಟರಿಗೆ ಬೀಗವೆಂಬುದೇ ಇರಲಿಲ್ಲ ಎನ್ನಬಹುದು; ಅರ್ಪಾನೆಟ್ ಎಂಬ ಕಂಪ್ಯೂಟರ್ ಜಾಲದ ಮೂಲಕ ದೂರದವರೂ ಒಳಬಂದು, ಕಟ್ಟುತ್ತಿರುವಾಗಲೇ ಆಡುತ್ತಿದ್ದರು. ಕರೆಯದೆ ಬಂದ ಟೆಸ್ಟರ್‌ಗಳು ಅವರು. ಅದೇ ಬಳಗದವರು 1979ರಲ್ಲಿ ಇನ್ಫೋಕಾಮ್ ಕಂಪನಿ ತೆರೆದ ಮೇಲೆ ಪರೀಕ್ಷೆ ಒಂದು ಕ್ರಮಬದ್ಧ ಕೆಲಸವಾಯಿತು. ಆದರೂ 1984ರಲ್ಲಿ ಡಗ್ಲಸ್ ಆಡಮ್ಸ್ ಮತ್ತು ಸ್ಟೀವ್ ಮೆರೆಟ್ಜ್‌ಕಿ ಬರೆದ ‘ಹಿಚ್‌ಹೈಕರ್ಸ್ ಗೈಡ್’ ಆಟದಲ್ಲಿ ಯಂತ್ರದಿಂದ ಚಿಮ್ಮುವ ಒಂದು ಮೀನನ್ನು ಕಿವಿಗೆ ಸೇರಿಸುವ ಒಗಟು ಎಂಥ ಪೇಚಾಟ ತಂದಿತೆಂದರೆ, ಅದನ್ನು ಬಿಡಿಸಿದವರಿಗಾಗಿ ಕಂಪನಿ ಟೀ ಶರ್ಟನ್ನೇ ಮಾರಿತು. ದೂರನ್ನು ಅಂಗಿ ಮಾಡಿ ಮಾರಿದ ವ್ಯಾಪಾರಗಳು ಹೆಚ್ಚಿಲ್ಲ.

ಒಗಟು ಕಷ್ಟವಾಗಿರಬಹುದು, ಅನ್ಯಾಯವಾಗಿರಬಾರದು. 1993ರಲ್ಲಿ ಇನ್ಫಾರ್ಮ್ ಎಂಬ ರಚನಾ ಸಾಧನವನ್ನು ಹೊರತಂದ ಗ್ರಹಾಮ್ ನೆಲ್ಸನ್ ಆಟಗಾರರ ಹಕ್ಕುಪತ್ರವೊಂದನ್ನು ಬರೆದ: ಮುನ್ಸೂಚನೆಯಿಲ್ಲದೆ ಸಾಯದಿರುವ ಹಕ್ಕು, ಲೇಖಕನ ಮನಸ್ಸಿನಲ್ಲಿರುವ ಆ ಒಂದೇ ಕ್ರಿಯಾಪದವನ್ನು ಊಹಿಸಬೇಕಾಗಿಲ್ಲದ ಹಕ್ಕು ಇತ್ಯಾದಿ. ಇಂಥ ಆಟಗಳ ಲೇಖಕ ಆಂಡ್ರ್ಯೂ ಪ್ಲಾಟ್ಕಿನ್ ಇನ್ನೂ ಮುಂದೆ ಹೋಗಿ, ಆಟಗಳ ಕ್ರೌರ್ಯಕ್ಕೆ ದಯಾಮಯಿಯಿಂದ ಕಟುಕನವರೆಗೆ ಐದು ಮೆಟ್ಟಿಲುಗಳ ಅಳತೆಗೋಲು ಕೊಟ್ಟ. ಮೊದಲ ಕೋಣೆಯಲ್ಲಿ ಕೀಲಿಕೈ ಬಿಟ್ಟು ಹೊರಟವನಿಗೆ ಮೂರು ಗಂಟೆಯ ನಂತರ ‘ಇನ್ನು ಗೆಲ್ಲಲಾರೆ’ ಎಂಬುದೂ ತಿಳಿಯದಂತೆ ಮಾಡುವ ಆಟ ಕಟುಕನ ಸಾಲಿಗೆ ಸೇರುತ್ತದೆ. ಟೆಸ್ಟರ್ ಈ ಎರಡೂ ಗ್ರಂಥಗಳನ್ನು ಕಂಠಪಾಠ ಮಾಡಿರುತ್ತಾನೆ, ಬೇಡವಾದಲ್ಲೂ ಹೇಳುತ್ತಾನೆ.

ಯಾವ ಹಂತದಲ್ಲಿ ಅವನನ್ನು ಕರೆಯಬೇಕೆಂಬುದು ಸೂಕ್ಷ್ಮ ಪ್ರಶ್ನೆ. ತೀರಾ ಮೊದಲೇ ಕರೆದರೆ ನಾಳೆ ಕೆಡವಲಿರುವ ಕೋಣೆಯ ಕಾಗುಣಿತ ತಿದ್ದುತ್ತ ಕೂರುತ್ತಾನೆ. ತಡವಾಗಿ ಕರೆದರೆ ಬುನಾದಿ ಸರಿಯಿಲ್ಲ ಎನ್ನುತ್ತಾನೆ. ಲೇಖಕನಿಗೆ ಆಗ ಕಾಗುಣಿತ ತಿದ್ದುವ ತ್ರಾಣ ಮಾತ್ರ ಉಳಿದಿರುತ್ತದೆ. ಆಟದ ಆರಂಭವನ್ನಷ್ಟೇ ಒಪ್ಪಿಸುವ ಇಂಟ್ರೋಕಾಂಪ್ ಎಂಬ ಸ್ಪರ್ಧೆ ಇದಕ್ಕೊಂದು ಉಪಾಯ ಕಂಡುಕೊಂಡಿತ್ತು. ಮುಂದೆ ಆಡುವ ಆಸೆ ಹುಟ್ಟಿತೇ ಎಂದು ನೋಡಿ ಅಂಕ ಕೊಡುತ್ತಿದ್ದರು; ಗೆದ್ದವನು ಒಂದು ವರ್ಷದೊಳಗೆ ಆಟ ಮುಗಿಸಿದರೆ ಮಾತ್ರ ಬಹುಮಾನ. ಆರಂಭಶೂರರ ಸ್ವಭಾವ ಬಲ್ಲವರು ಮಾಡಿದ ನಿಯಮ.

ಇನ್ನೊಂದು ತೊಡಕೆಂದರೆ ಟೆಸ್ಟರ್ ಒಂದು ಆಟಕ್ಕೆ ಒಮ್ಮೆ ಮಾತ್ರ ಹೊಸಬ. ಮುಚ್ಚಳ ಹೇಗೆ ತೆರೆಯುತ್ತದೆ ಎಂದು ತಿಳಿದ ಕ್ಷಣದಿಂದ ಅವನೂ ಲೇಖಕನಷ್ಟೇ ಕುರುಡ. ಎರಡನೆಯ ಸುತ್ತಿನಲ್ಲಿ ತಿದ್ದಿದ್ದು ಸರಿಯಾಗಿದೆಯೇ ಎಂದು ನೋಡಬಲ್ಲನೇ ಹೊರತು ಬೆರಗಾಗಲಾರ, ಎಡವಲಾರ. ಆದ್ದರಿಂದ ಜಾಣ ಲೇಖಕರು ಎಲ್ಲರಿಗೂ ಒಟ್ಟಿಗೆ ಆಟ ಕಳಿಸುವುದಿಲ್ಲ. ಏನೂ ಗೊತ್ತಿಲ್ಲದ ಒಬ್ಬಿಬ್ಬರನ್ನು ಕೊನೆಯ ಸುತ್ತಿಗೆಂದು ಎತ್ತಿಟ್ಟುಕೊಂಡಿರುತ್ತಾರೆ. ತಮ್ಮನ್ನು ಅಜ್ಞಾನಕ್ಕಾಗಿ ಕಾಯ್ದಿರಿಸಲಾಗಿದೆ ಎಂದು ಅಂಥವರಿಗೆ ಹೇಳುವ ವಾಡಿಕೆಯಿಲ್ಲ.

ಇಷ್ಟೆಲ್ಲ ದುಡಿದದ್ದಕ್ಕೆ ಪ್ರತಿಫಲ, ಆಟದ ಕೃತಜ್ಞತೆಯ ಪಟ್ಟಿಯಲ್ಲಿ ಒಂದು ಹೆಸರು. ಅದು ಸರಿಯಾಗಿ ಅಚ್ಚಾಗಿದೆಯೇ ಎಂಬುದನ್ನೂ ಅವನೇ ಪರೀಕ್ಷಿಸಬೇಕು. 1995ರಲ್ಲಿ ಆರಂಭವಾದ ಐಎಫ್‌ಕಾಂಪ್ ಎಂಬ ವಾರ್ಷಿಕ ಸ್ಪರ್ಧೆಗೆ ಆಟ ಹೋದರೆ, ಮೊದಲ ಎರಡು ಗಂಟೆ ಆಡಿದ ಯಾರೋ ಅಪರಿಚಿತರು ಅಂಕ ಕೊಡುತ್ತಾರೆ. ಆಟದ ಮೂಲೆಮೂಲೆ ಬಲ್ಲ ಟೆಸ್ಟರ್‌ಗೆ ಮಾತ್ರ, ಪರೀಕ್ಷಿಸಿದವನೆಂಬ ಕಾರಣಕ್ಕೆ, ಅದಕ್ಕೆ ಮತ ಹಾಕುವ ಹಕ್ಕಿಲ್ಲ. ಫಲಿತಾಂಶದ ಹೊತ್ತಿಗೆ ಯಾವನೋ ವಿಮರ್ಶಕ ‘ಈ ಆಟವನ್ನು ಯಾರೂ ಪರೀಕ್ಷಿಸಿದಂತಿಲ್ಲ’ ಎಂದು ಬರೆದರೆ, ಟೆಸ್ಟರ್ ಹಳೆಯ ಟ್ರಾನ್ಸ್‌ಕ್ರಿಪ್ಟ್ ಹುಡುಕಿ, ಆ ದೋಷ ನಾಲ್ಕನೆಯ ಪುಟದಲ್ಲೇ ನಕ್ಷತ್ರ ಸಮೇತ ದಾಖಲಾಗಿರುವುದನ್ನು ಕಂಡು, ಅದೊಂದೇ ಸಾಲನ್ನು ಯಾವ ಟಿಪ್ಪಣಿಯೂ ಇಲ್ಲದೆ ಲೇಖಕನಿಗೆ ಮತ್ತೊಮ್ಮೆ ಕಳಿಸುತ್ತಾನೆ.