ಖಡಕ್ ರೊಟ್ಟಿಯ ಅಂತರರಾಜ್ಯ ಸಂಚಾರ: ಒಂದು ತೆರಿಗೆ ಮೀಮಾಂಸೆ

ತಾವರಗೇರಾದಲ್ಲಿ ಬಡಿದ ಖಡಕ್ ರೊಟ್ಟಿ ಗೋವಾದ ಮಡಗಾಂವಿಗೆ ಹೋಗಬಹುದು. ಅದರ ಜೋಡಿ ಶೇಂಗಾ ಚಟ್ನಿ ಹೋಗಬಾರದು. ಈ ಮಹಾವಾಕ್ಯವನ್ನು ಶ್ರುತಿ, ಸ್ಮೃತಿ, ಅಧಿಸೂಚನೆ ಮತ್ತು ವಾಟ್ಸ್‌ಆ್ಯಪ್ ಸ್ಟೇಟಸ್ ಎಂಬ ಚತುರ್ವಿಧ ಪ್ರಮಾಣಗಳಿಂದ ಸಾಧಿಸಿ, ಪೂರ್ವಪಕ್ಷವನ್ನು ಖಂಡಿಸಿ, ಸಾಧ್ಯವಾದರೆ ಒಂದು ಡಜನ್ ರೊಟ್ಟಿಯನ್ನೂ ಸಂಪಾದಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಅಧ್ಯಯನದ ಕ್ಷೇತ್ರ ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲ್ಲೂಕು, ತಾವರಗೇರಾ. ಮಾಹಿತಿದಾರರು ಒಬ್ಬ ರೊಟ್ಟಿ ಅಕ್ಕಾರು. ಇವರು ನಿಜಕ್ಕೂ ಒಬ್ಬರಲ್ಲ, ಓಣಿಗೊಬ್ಬರಿರುತ್ತಾರೆ. ಶಾಸ್ತ್ರದ ಅನುಕೂಲಕ್ಕಾಗಿ ಏಕವಚನದಲ್ಲಿ ಭಾವಿಸಿ, ಜೀವಭಯದಿಂದ ಬಹುವಚನದಲ್ಲಿ ಕರೆಯಲಾಗಿದೆ. ಬೆಳಗಿನ ರೊಟ್ಟಿಯ ಫೋಟೋ ಸ್ಟೇಟಸ್ಸಿಗೆ ಏರುತ್ತದೆ, ಮಧ್ಯಾಹ್ನದೊಳಗೆ ಆರ್ಡರು ಬರುತ್ತದೆ, ಫೋನ್‌ಪೇಯಲ್ಲಿ ರೊಕ್ಕ ಬೀಳುತ್ತದೆ. ಕ್ಷೇತ್ರಕಾರ್ಯದ ಮೊದಲ ಸಂದರ್ಶನವನ್ನು ಯಥಾವತ್ತಾಗಿ ಕೊಡುತ್ತೇನೆ.

“ಅಕ್ಕಾರ, ನೀವು ವ್ಯಾಪಾರ ಮಾಡ್ತೀರೇನ್ರಿ?”

“ಎಲ್ಲೀ ವ್ಯಾಪಾರ ತಗೀರಿ ಸರ. ಮನ್ಯಾಗ ರೊಟ್ಟಿ ಬಡಿತೀವಿ, ಕೇಳಿದವ್ರಿಗೆ ಕೊಡ್ತೀವಿ.”

“ರೊಕ್ಕ ತಗೋತೀರಲ್ರಿ?”

“ಸುಮ್ನ ಕೊಟ್ರ ನಮಗ ಜ್ವಾಳ ಯಾರು ಕೊಡ್ತಾರ್ರೀ?”

ಇದು ಪೂರ್ವಪಕ್ಷ. ಸರಕು ಮತ್ತು ಸೇವಾ ತೆರಿಗೆ ಕಾಯ್ದೆ ಇದನ್ನು ತನ್ನ ಎರಡನೆಯ ಕಲಮಿನಲ್ಲೇ ಖಂಡಿಸಿಬಿಟ್ಟಿದೆ. ವ್ಯಾಪಾರವೆಂದರೆ ಲಾಭ ಇರಲಿ, ಇರದಿರಲಿ. ದಿನಾ ನಡೆಯಲಿ, ಎಂದೋ ಒಮ್ಮೆ ನಡೆಯಲಿ. ಪ್ರಮಾಣ ದೊಡ್ಡದಿರಲಿ, ಚಿಕ್ಕದಿರಲಿ. ಬ್ರಹ್ಮಕ್ಕೆ ಕೂಡ ಇಷ್ಟು ವ್ಯಾಪಕವಾದ ಲಕ್ಷಣವನ್ನು ಭಾಷ್ಯಕಾರರು ಹೇಳಿದ್ದು ಅಪರೂಪ. ತಪ್ಪಿಸಿಕೊಳ್ಳುವ ದಾರಿ ಒಂದೇ, ಪ್ರತಿಫಲ ಇಲ್ಲದಿರುವುದು. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರುಗಳಲ್ಲಿ ಲಕ್ಷಗಟ್ಟಲೆ ರೊಟ್ಟಿ ಬಂದು ದಾಸೋಹದಲ್ಲಿ ಕರಗುತ್ತವೆ. ಅಷ್ಟೂ ರೊಟ್ಟಿ ಕಾಯ್ದೆಯ ಕಣ್ಣಿಗೆ ಕಾಣುವುದಿಲ್ಲ. ಅದೇ ಅಕ್ಕಾರು ಸ್ಟೇಟಸ್ ಹಾಕಿ ಮಾರಿದ ಹತ್ತು ರೊಟ್ಟಿ ಮಾತ್ರ ಕಾಣುತ್ತವೆ.

ಕಂಡರೇನಂತೆ? ಇಲ್ಲಿ ರೊಟ್ಟಿಯ ಇತಿಹಾಸವನ್ನು ಸ್ವಲ್ಪ ಕೆದಕಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬಂತು, ಅದೇ ವರ್ಷ ರೊಟ್ಟಿಯ ತೆರಿಗೆ ಶೇ 5ಕ್ಕೆ ಬಂದು ನಿಂತಿತು. 2020ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರದ ಮುಂದೆ ಬೆಂಗಳೂರಿನ ಐಡಿ ಫ್ರೆಶ್ ಫುಡ್ ಕಂಪನಿ ತನ್ನ ಪರೋಟಾವೂ ರೊಟ್ಟಿಯೇ ಎಂದು ವಾದಿಸಿತು. ಪ್ರಾಧಿಕಾರ ಒಪ್ಪಲಿಲ್ಲ: ರೊಟ್ಟಿ ತಿನ್ನಲು ಸಿದ್ಧವಾದದ್ದು, ಪರೋಟಾವನ್ನು ಇನ್ನೊಮ್ಮೆ ಕಾಯಿಸಬೇಕು, ಆದ್ದರಿಂದ ಅದಕ್ಕೆ ಶೇ 18. ನ್ಯಾಯಶಾಸ್ತ್ರದಲ್ಲಿ ಘಟ-ಪಟಗಳ ಭೇದದ ನಂತರ ಭಾರತೀಯ ಚಿಂತನೆ ಮುಟ್ಟಿದ ಅತಿ ಎತ್ತರದ ಶಿಖರ ಇದು. ತಿಂಗಳುಗಟ್ಟಲೆ ಡಬ್ಬಿಯಲ್ಲಿದ್ದೂ ಯಾವಾಗಲೂ ತಿನ್ನಲು ಸಿದ್ಧವಾಗಿರುವ ಖಡಕ್ ರೊಟ್ಟಿ ಈ ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾಗುತ್ತಿತ್ತು. ಹಲ್ಲು ಸಿದ್ಧವಿರಬೇಕು, ಅಷ್ಟೆ. ಕೊನೆಗೆ 2025ರ ಸೆಪ್ಟೆಂಬರ್ 22ರಿಂದ ರೊಟ್ಟಿ, ಚಪಾತಿ, ಪರೋಟಾ, ಯಾವ ಹೆಸರಿನಿಂದ ಕರೆದರೂ ಸರಿ, ಎಲ್ಲಕ್ಕೂ ತೆರಿಗೆ ಸೊನ್ನೆಯಾಯಿತು. ಅದ್ವೈತ ಸಿದ್ಧಿಸಿತು.

ಚಟ್ನಿ ಮಾತ್ರ ದ್ವೈತದಲ್ಲೇ ಉಳಿಯಿತು. ಚಟ್ನಿಪುಡಿಗೆ ಶೇ 5.

ಊರೊಳಗೆ, ಅಂದರೆ ಕರ್ನಾಟಕದೊಳಗೆ, ಇದರಿಂದ ಬಾಧಕವಿಲ್ಲ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟುವವರೆಗೆ ನೋಂದಣಿ ಬೇಡ. (ತೆರಿಗೆಯಿಲ್ಲದ ರೊಟ್ಟಿಯ ರೊಕ್ಕವೂ ಆ 40 ಲಕ್ಷದ ಲೆಕ್ಕದಲ್ಲಿ ಸೇರುತ್ತದೆ. ಊಟಕ್ಕಿಲ್ಲದಿದ್ದರೂ ಪಂಕ್ತಿಗೆ ಎಣಿಸಿದಂತೆ.) ಅಮೆಜಾನು, ಮೀಶೋ ಮೂಲಕ ಮಾರುವವರಿಗೆ ಮೊದಲು ಮೊದಲನೆಯ ರೂಪಾಯಿಯಿಂದಲೇ ನೋಂದಣಿ ಕಡ್ಡಾಯವಿತ್ತು; 2023ರ ಅಕ್ಟೋಬರ್ 1ರಿಂದ, ರಾಜ್ಯದೊಳಗೇ ಮಾರುವ ಸಣ್ಣವರಿಗೆ ಒಂದು ದಾಖಲಾತಿ ಸಂಖ್ಯೆ ಸಾಕು. ಆದಾಯ ತೆರಿಗೆಯ ಕಡೆಯಿಂದಲೂ ಆ ಜಾಲತಾಣಗಳು ಮಾರಾಟದ ಹಣದಲ್ಲಿ ಶೇ 0.1 ಮುರಿದುಕೊಳ್ಳುತ್ತವೆ, ಆದರೆ ಪ್ಯಾನ್ ಅಥವಾ ಆಧಾರ್ ಕೊಟ್ಟವರಿಗೆ ವರ್ಷಕ್ಕೆ 5 ಲಕ್ಷದವರೆಗೆ ಮಾಫಿ. ಅಮೆರಿಕದಲ್ಲಿ ಇಂಥ ಜಾಲತಾಣಗಳು ಮಾರುವವರ ಬಗ್ಗೆ ತೆರಿಗೆಯವರಿಗೆ ಕೊಡಬೇಕಾದ ವರದಿಯ ಮಿತಿಯನ್ನು 2021ರಲ್ಲಿ 600 ಡಾಲರಿಗೆ ಇಳಿಸಿ, ಮತ್ತೆ ಮತ್ತೆ ಮುಂದೂಡಿ, 2025ರಲ್ಲಿ 20,000 ಡಾಲರ್ ಮತ್ತು 200 ವಹಿವಾಟಿಗೆ ಮರಳಿಸಿದರು. ಬ್ರಿಟನ್ನಿನಲ್ಲಿ 2024ರಿಂದ ವರ್ಷಕ್ಕೆ 30 ಮಾರಾಟ ಮಾಡಿದವರ ಹೆಸರು ತೆರಿಗೆಯವರಿಗೆ ಹೋಗುತ್ತದೆ. ಶ್ರಾವಣದಲ್ಲಿ ನಮ್ಮ ಅಕ್ಕಾರು 30 ಮಾರಾಟವನ್ನು ಒಂದು ಸೋಮವಾರ ಮುಗಿಸುತ್ತಾರೆ.

ತೊಡಕು ಇರುವುದು ಗಡಿಯಲ್ಲಿ. 24ನೆಯ ಕಲಮು ಹೇಳುವಂತೆ, ತೆರಿಗೆಯುಳ್ಳ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ 40 ಲಕ್ಷದ ನೆರಳಿಲ್ಲ. ಮೊದಲ ಕಾಲು ಕಿಲೋ ಚಟ್ನಿಗೇ ನೋಂದಣಿ ಬೇಕು. ರೊಟ್ಟಿ ತೆರಿಗೆಯಿಲ್ಲದ ಜೀವ, ಅದಕ್ಕೆ ಈ ಬಂಧನವಿಲ್ಲ. ಪ್ರಬಂಧದ ಮಹಾವಾಕ್ಯ ಇಲ್ಲಿಗೆ ಸಿದ್ಧವಾಯಿತು. ನಮ್ಮ ಭಾಗದ ಮಂದಿ ಮಳೆ ಕೈಕೊಟ್ಟ ವರ್ಷ ಗುಳೆ ಹೋಗುವುದು ಮಂಗಳೂರಿಗೆ, ಗೋವಾಕ್ಕೆ. ಮಂಗಳೂರಿಗೆ ಹೋದವನಿಗೆ ಚಟ್ನಿ ಸಿಗುತ್ತದೆ. ಗೋವಾಕ್ಕೆ ಹೋದವನು ಒಣ ರೊಟ್ಟಿ ಕಡಿಯಬೇಕು.

ಈ ಗಡಿ ಎಂಬುದಾದರೂ ಎಷ್ಟು ಸನಾತನ? 1956ರ ನವೆಂಬರ್ 1ರವರೆಗೆ ಕುಷ್ಟಗಿ ಸೀಮೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು, ಇಳಕಲ್ಲು ಮುಂಬಯಿ ರಾಜ್ಯದಲ್ಲಿತ್ತು. ಅಂದಿನ ಲೆಕ್ಕದಲ್ಲಿ ತಾವರಗೇರಾದ ಚಟ್ನಿ ಚಾರ್‌ಮಿನಾರಿನ ಬುಡಕ್ಕೆ ಹೋದರೂ ರಾಜ್ಯದೊಳಗಿನ ಮಾರಾಟ. ಕುಷ್ಟಗಿ ದಾಟಿ ಇಳಕಲ್ಲಿಗೆ ಸೀರೆ ತರಲು ಹೋದವಳ ಬುತ್ತಿ ಅಂತರರಾಜ್ಯ ಸಾಗಣೆ. ನಿಜಾಮರ ಸುಂಕದ ಇಲಾಖೆಗೆ ಕರೋಡಗಿರಿ ಎಂದು ಹೆಸರು. ಹಳಬರು ಅದರ ನಾಕಾಗಳ ಹೆಸರು ಹೇಳುವಾಗ ಇಂದಿಗೂ ಗಂಟನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆಂದು ನನ್ನ ಗುಮಾನಿ.

ಇನ್ನೂ ಹಿಂದಕ್ಕೆ ಹೋದರೆ ಕೌಟಿಲ್ಯ ಸಿಗುತ್ತಾನೆ. ಅವನ ಶುಲ್ಕಾಧ್ಯಕ್ಷ ಊರಬಾಗಿಲಲ್ಲಿ ಬಾವುಟ ಏರಿಸಿ ಕೂಡುತ್ತಿದ್ದ. ವ್ಯಾಪಾರಿ ತನ್ನ ಸರಕಿಷ್ಟು, ಬೆಲೆಯಿಷ್ಟು ಎಂದು ಮೂರು ಸಲ ಸಾರಬೇಕಿತ್ತು. ಆಧುನಿಕರು ಇದನ್ನೇ ಸ್ಟೇಟಸ್ ಎನ್ನುತ್ತಾರೆ. ಆದರೆ ಆ ಕಠೋರ ಪಂಡಿತ ಕೂಡ ಮದುವೆಯ ಸರಕಿಗೆ, ತವರಿನಿಂದ ಮಗಳು ಒಯ್ಯುವುದಕ್ಕೆ, ಬಾಣಂತಿಗೆ ಕಳಿಸುವುದಕ್ಕೆ, ದೇವರ ಕಾರ್ಯಕ್ಕೆ ಸುಂಕ ಬಿಟ್ಟಿದ್ದ. ವಿಜಯನಗರದಲ್ಲಂತೂ ಸುಂಕ ಬಿಡಿಸಲು ಇನ್ನೂ ನೇರವಾದ ಹಾದಿಯಿತ್ತು. ಕೊಂಡೋಜನೆಂಬ ಕ್ಷೌರಿಕ ರಾಮರಾಯನ ಗಡ್ಡವನ್ನು ಚೆನ್ನಾಗಿ ಹೆರೆದು ತನ್ನ ಕುಲಕ್ಕೇ ತೆರಿಗೆ ಮಾಫಿ ಮಾಡಿಸಿದ್ದನ್ನು ಹದಿನಾರನೆಯ ಶತಮಾನದ ಶಾಸನಗಳು ಹೇಳುತ್ತವೆ. ಕತ್ತಿ ಕುತ್ತಿಗೆಯ ಮೇಲಿದ್ದಾಗ ಸಲ್ಲಿಸಿದ ಅರ್ಜಿಗೆ ಇರುವ ಬಲ ಆನ್‌ಲೈನ್ ಅರ್ಜಿಗೆ ಇಲ್ಲ.

ಸರಿ, ನೋಂದಣಿ ಮಾಡಿಸಿದರಾಯಿತಲ್ಲ, ಶುಲ್ಕವೇನೂ ಇಲ್ಲವಲ್ಲ ಎಂದು ಬೆಂಗಳೂರಿನ ಪಂಡಿತರು ಕೇಳಬಹುದು. ನಾನೂ ಅಕ್ಕಾರಿಗೆ ಹಾಗೇ ಅಂದೆ. ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದರು: “ಹೌದ್ರಿ ಸರ, ಆಮ್ಯಾಲ ನನ್ನ ಗೃಹಲಕ್ಷ್ಮಿ?”

ಈ ಒಂದು ಪ್ರಶ್ನೆಯ ಮುಂದೆ ಷಡ್ದರ್ಶನಗಳೂ ನಿರುತ್ತರ. 2023ರ ಆಗಸ್ಟಿನಿಂದ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುವ ಆ ಯೋಜನೆಯ ನಿಯಮದಲ್ಲಿ, ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಹಣವಿಲ್ಲ. ರಿಟರ್ನ್ಸ್ ಸಲ್ಲಿಸುವವರು ಎಂದಷ್ಟೇ ಇದೆ. ಎಷ್ಟು ತೆರಿಗೆಗೆ ಎಂದಿಲ್ಲ. ಗೋವಾಕ್ಕೆ ಕಾಲು ಕಿಲೋ ಚಟ್ನಿ ಕಳಿಸಿದ ಯಜಮಾನಿಯೂ ನೋಂದಣಿಯ ಮರುಕ್ಷಣದಿಂದ ರಿಟರ್ನ್ಸ್ ಸಲ್ಲಿಸಲೇಬೇಕು. ಏನೂ ಮಾರದ ಅವಧಿಗೂ ಏನೂ ಮಾರಲಿಲ್ಲವೆಂದು ಬರೆದುಕೊಡಬೇಕು, ತಡವಾದರೆ ದಿನಕ್ಕೆ 20 ರೂಪಾಯಿ ದಂಡ. ಈಗ ಗಣಿತ: ವರ್ಷಕ್ಕೆ ಕೈಬಿಡುವ ಗೃಹಲಕ್ಷ್ಮಿ 24,000. ಶೇ 5ರಂತೆ ಅಷ್ಟು ತೆರಿಗೆ ಹುಟ್ಟಬೇಕಾದರೆ 4,80,000 ರೂಪಾಯಿಯ ಚಟ್ನಿ ಮಾರಬೇಕು. ಕಿಲೋಗೆ 400 ಹಿಡಿದರೆ 1,200 ಕಿಲೋ. ಕಾಲು ಕಿಲೋ ಚಟ್ನಿಯ ಮೇಲೆ ಸರ್ಕಾರಕ್ಕೆ ಬರುವುದು 5 ರೂಪಾಯಿ, ಉಳಿಯುವುದು 24,000. ಇಷ್ಟು ಲಾಭದ ವ್ಯಾಪಾರ ತಾವರಗೇರಾದ ಸಂತೆಯಲ್ಲಿ ಯಾರೂ ಮಾಡಿಲ್ಲ.

ಭಯಕ್ಕೆ ಇನ್ನೊಂದು ಕಾರಣ ಪ್ರಾಯೋಗಿಕವಾದದ್ದು. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಹಿಂದಿನ ನಾಲ್ಕು ವರ್ಷಗಳ ಯುಪಿಐ ಲೆಕ್ಕ ತೆಗೆದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಾವೇರಿಯ ಒಬ್ಬ ತರಕಾರಿ ಮಾರುವವರಿಗೆ 1.63 ಕೋಟಿಯ ವಹಿವಾಟಿಗೆ 29 ಲಕ್ಷ ಕಟ್ಟಿರೆಂದು ಬಂತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ. ಬೆಂಗಳೂರಿನ ಅಂಗಡಿಗಳಲ್ಲಿ ಸ್ಕ್ಯಾನರಿನ ಮೇಲೆ ‘ಕ್ಯಾಶ್ ಮಾತ್ರ’ ಎಂಬ ಚೀಟಿ ಅಂಟಿದವು. ಅದೇ ತಿಂಗಳ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳನ್ನು ಕೂಡಿಸಿಕೊಂಡು, ಹಳೆಯ ಬಾಕಿ ವಸೂಲಿ ಇಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದರು. ಫೋನ್‌ಪೇ ಸ್ಟೇಟ್‌ಮೆಂಟು ಎಂಬ ಗ್ರಂಥವನ್ನು ಓದಲು ಸಂಪ್ರದಾಯದ ಅರಿವು ಬೇಕು. ನಮ್ಮ ಅಕ್ಕಾರ ಒಂದು ವಾರದ ಸ್ಟೇಟ್‌ಮೆಂಟಿನಲ್ಲಿ ರೊಟ್ಟಿಯ ರೊಕ್ಕದ ನಡುವೆ ಸಂಘದ ಕಂತು, ತಮ್ಮ ತೀರಿಸಿದ ಕೈಗಡ, ನೆಗೆಣ್ಣಿಯ ಮಗನ ಮದುವೆಗೆ ಬಂದ ಮುಯ್ಯಿ, ಸೊಸೆಯ ಸೀಮಂತಕ್ಕೆ ಬೀಗರು ಕಳಿಸಿದ್ದು, ತಪ್ಪಿ ಬಂದು ವಾಪಸು ಹೋದದ್ದು ಎಲ್ಲವೂ ಇದ್ದವು. ಕಂಪ್ಯೂಟರಿಗೆ ಎಲ್ಲವೂ ಜಮೆ. ಮುಯ್ಯಿಯನ್ನು ತಿರುಗಿ ಮಾಡಬೇಕೆಂಬ ಸಂಗತಿ ಯಾವ ಕಲಮಿನಲ್ಲೂ ಇಲ್ಲ.

ಇಷ್ಟರಲ್ಲಿ ಊರ ಕಟ್ಟಿ ಪಂಥದವರು ಒಂದು ಉಪಾಯ ಸೂಚಿಸಿದರು: ರೊಟ್ಟಿಗೇ ದುಡ್ಡು ಹಿಡಿ, ಚಟ್ನಿಯನ್ನು ಕೊಸರೆಂದು ಕೊಡು. ಮೆಚ್ಚತಕ್ಕ ತರ್ಕ. ಆದರೆ 2019ರ ಮಾರ್ಚ್ 7ರ ಕೇಂದ್ರ ಸುತ್ತೋಲೆಯೊಂದು ಈ ಕಟ್ಟಿಯ ಕೆಳಗೇ ಕಿವಿಗೊಟ್ಟು ಕೂತಿತ್ತೇನೋ: ಒಂದು ಕೊಂಡರೆ ಒಂದು ಉಚಿತ ಎಂದರೆ ಎರಡನ್ನೂ ಒಂದೇ ಬೆಲೆಗೆ ಮಾರಿದಂತೆ ಎಂದು ಅದು ಹೇಳುತ್ತದೆ. ಒಂದೇ ಬೆಲೆಗೆ ಎರಡು ಸರಕು ಬಂದರೆ ಪ್ರಶ್ನೆ ಇನ್ನೂ ಆಳವಾಗುತ್ತದೆ. ಅವು ಸಹಜವಾಗಿ ಜೋಡಿಯಾದವಾದರೆ ಮುಖ್ಯ ಸರಕಿನ ದರ, ಅಂದರೆ ರೊಟ್ಟಿಯ ಸೊನ್ನೆ. ಸುಮ್ಮನೆ ಕೂಡಿಸಿದವಾದರೆ ಎರಡರಲ್ಲಿ ಹೆಚ್ಚಿನ ದರ, ಅಂದರೆ ರೊಟ್ಟಿಗೂ ಶೇ 5. ರೊಟ್ಟಿ-ಚಟ್ನಿ ಸಹಜ ಜೋಡಿಯೋ ಅಲ್ಲವೋ? ಈ ಪ್ರಶ್ನೆಯನ್ನು ಅಕ್ಕಾರ ಮುಂದಿಟ್ಟಾಗ ಅವರು ನನ್ನನ್ನು ನೋಡಿದ ನೋಟವನ್ನು ಲಿಪ್ಯಂತರ ಮಾಡಲಾಗದು. ಆದರೆ ಅಧಿಕಾರಿ ಪರ ಊರಿನವನಾಗಿ, ಬ್ರೆಡ್ಡಿಗೆ ಜಾಮು ಹಚ್ಚಿಕೊಂಡು ಬೆಳೆದವನಾದರೆ ಗತಿಯೇನು?

ಸಿದ್ಧಾಂತವನ್ನು ಕಂಡುಹಿಡಿದವರು ಕೊನೆಗೆ ಅಕ್ಕಾರೇ. ಸರಕಿಗೆ ಗಡಿಯಲ್ಲಿ ತಡೆಯುಂಟು, ಸೇವೆಗೆ ಇಲ್ಲ. 2017ರ ಅಕ್ಟೋಬರಿನಿಂದ ಸೇವೆ ಒದಗಿಸುವವರು ವರ್ಷಕ್ಕೆ 20 ಲಕ್ಷದವರೆಗೆ ಬೇರೆ ರಾಜ್ಯಕ್ಕೂ ನೋಂದಣಿಯಿಲ್ಲದೆ ಒದಗಿಸಬಹುದು. ಕಲಮುಗಳನ್ನು ನಾನು ಓದಿ ಹೇಳಿದೆ, ಅನ್ವಯ ಅವರದು. ಹೀಗಾಗಿ ಈಗ ಮಡಗಾಂವಿಗೆ ಬಸ್ಸಿನಲ್ಲಿ ಬರೀ ರೊಟ್ಟಿ ಹೋಗುತ್ತದೆ. ಬೆನ್ನಿಗೇ ವಾಟ್ಸ್‌ಆ್ಯಪಿನಲ್ಲಿ ಒಂದು ವಾಯ್ಸ್ ಮೆಸೇಜು ಹೋಗುತ್ತದೆ: “ಶೇಂಗಾ ಸಣ್ಣ ಉರಿಮ್ಯಾಗ ಹುರ್ಕೋರಿ, ಸಿಪ್ಪಿ ತಗೀರಿ, ಬಳ್ಳೊಳ್ಳಿ ಹಸೀದ ಹಾಕ್ರಿ, ಖಾರ ನಿಮ್ಮ ಬಾಯಿ ನೋಡ್ಕೊಂಡು ಹಾಕ್ರಿ, ಕುಟ್ಟ್ರಿ, ಮಿಕ್ಸಿ ಬ್ಯಾಡ.” ಮೆಸೇಜಿಗೆ 50 ರೂಪಾಯಿ. ಉಪ್ಪು ಎಷ್ಟೆಂದು ಅದರಲ್ಲಿ ಹೇಳಿರುವುದಿಲ್ಲ. ಕೇಳಿದರೆ ಅದು ಬೇರೆ ಮೆಸೇಜು.