ಗೃಹನಿರ್ಮಿತ ಗೋಂದಿನ ಲಕ್ಷಣ ವಿಚಾರ

ಪ್ರಪಂಚದ ಸಮಸ್ತ ದ್ರವ್ಯಗಳನ್ನೂ ವಿಂಗಡಿಸಿ, ಲಕ್ಷಣ ಹೇಳಿ, ಪರೀಕ್ಷಿಸಿ ಮುಗಿಸಿದ ನಮ್ಮ ಪೂರ್ವಾಚಾರ್ಯರು, ಬೇಸಗೆಯ ರಜೆಯಲ್ಲಿ ಮಕ್ಕಳು ಒಲೆಯ ಮೇಲೇರಿಸುವ ಗೋಂದನ್ನು ಮಾತ್ರ ಏಕೆ ಕೈಬಿಟ್ಟರೆಂಬ ಪ್ರಶ್ನೆಯನ್ನು ಯಾವ ವಿದ್ವಾಂಸರೂ ಎತ್ತಿದಂತೆ ಕಾಣುವುದಿಲ್ಲ. ಅವರ ಕಾಲಕ್ಕೆ ಮೈದಾ ಇರಲಿಲ್ಲವೆಂಬ ಸಮಾಧಾನ ನಿಲ್ಲತಕ್ಕದ್ದಲ್ಲ, ಹುಣಸೆಬೀಜವಂತೂ ಇತ್ತಷ್ಟೆ. ಆದಕಾರಣ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಅಡುಗೆಮನೆಗಳನ್ನು ನಾಲ್ಕು ಶಾಖೆಗಳೆಂದು ಭಾವಿಸಿ, ಶಾಸ್ತ್ರದ ಈ ಕೊರತೆಯನ್ನು ತುಂಬಲು ಹೊರಟಿದ್ದೇವೆ.

ಮೊದಲು ಲಕ್ಷಣ. ‘ಎರಡು ವಸ್ತುಗಳನ್ನು ಒಂದಕ್ಕೊಂದು ಹಿಡಿದಿಡುವುದೇ ಗೋಂದು’ ಎಂದರೆ ಅತಿವ್ಯಾಪ್ತಿದೋಷ ತಪ್ಪದು. ಹಲಸಿನ ಮೇಣಕ್ಕೂ, ಬೆಲ್ಲದ ಪಾಕಕ್ಕೂ, ಮದುವೆಯ ದಳ್ಳಾಳಿಗೂ ಆ ಮಾತು ಸಲ್ಲುತ್ತದೆ. ‘ಮೈದಾಹಿಟ್ಟಿನಿಂದಾದುದು’ ಎಂದು ಬಿಗಿಮಾಡಿದರೆ ಹುಣಸೆಬೀಜದ ಸರಿ ಹೊರಗುಳಿದು ಅವ್ಯಾಪ್ತಿ. ‘ಮಕ್ಕಳು ಮಾಡಿದುದಾಗಿದ್ದು ಕಾಗದವನ್ನು ಕಾಗದಕ್ಕೆ ಅಂಟಿಸುವುದು’ ಎಂದರಂತೂ ಅಸಂಭವ. ಏಕೆಂದರೆ ಅಂಥ ಪದಾರ್ಥವನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ಕಂಡವರಿಲ್ಲ. ಆದುದರಿಂದ ‘ಕಾಗದವೊಂದನ್ನುಳಿದು ತಲೆಗೂದಲು, ಬಾಗಿಲ ಚಿಲಕ, ಬೆಕ್ಕು ಮೊದಲಾದ ಸರ್ವಕ್ಕೂ ಅಂಟುವುದು’ ಎಂಬುದೇ ನಿರ್ದುಷ್ಟ ಲಕ್ಷಣವೆಂದು ಸಿದ್ಧಾಂತ.

ವಿಧಿಯಾದರೋ ಹೀಗಿದೆ. ಒಂದು ಪಾಲು ಮೈದಾವನ್ನು ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಮತ್ತೆ ನಾಲ್ಕೈದು ಪಾಲು ಬಿಸಿನೀರಿಗೆ ಸುರಿದು, ಕೈಬಿಡದೆ ತಿರುವುತ್ತಿರತಕ್ಕದ್ದು. ಶಾಖವು 60 ಡಿಗ್ರಿಯನ್ನು ದಾಟುತ್ತಲೆ ಹಿಟ್ಟಿನ ಪಿಷ್ಟಕಣಗಳು ನೀರು ಕುಡಿದು ಉಬ್ಬಿ, ಹಾಲಿನಂತಿದ್ದುದು ಮಂದವಾಗಿ, ಬೆಳ್ಳಗಿದ್ದುದು ಅರೆಪಾರದರ್ಶಕವಾಗುತ್ತದೆ. ತಣ್ಣೀರಿನ ಸಂಸ್ಕಾರವಿಲ್ಲದೆ ನೇರವಾಗಿ ಬಿಸಿನೀರಿಗೆ ಹಿಟ್ಟು ಸುರಿದರೆ ಹೊರಗಿನ ಪದರ ಬೆಂದು ಒಳಗಿನ ಹಿಟ್ಟು ಒಣಗಿಯೇ ಉಳಿದು ಗಂಟಾಗುವುದು. ಆ ಗಂಟುಗಳನ್ನು ಬೆರಳಿನಿಂದ ಹಿಸುಕಿ ಒಡೆಯುವುದಕ್ಕೋಸ್ಕರವೇ ಮಕ್ಕಳು ಬಿಸಿನೀರಿನ ಪಕ್ಷವನ್ನು ಆಶ್ರಯಿಸುತ್ತಾರೆಂದು ನಮ್ಮ ಬಲವಾದ ಸಂದೇಹ. ಸಿನಿಮಾ ಭಿತ್ತಿಪತ್ರ ಅಂಟಿಸುವವರೂ ಪುಸ್ತಕಕ್ಕೆ ರಟ್ಟು ಕಟ್ಟುವವರೂ ಜಿರಲೆಯ ಭಯದಿಂದ ಇದಕ್ಕೆ ಮೈಲುತುತ್ತ ಸೇರಿಸುವುದುಂಟು. ಅದು ವಿಷ, ಮಕ್ಕಳಿರುವೆಡೆ ಸರ್ವಥಾ ನಿಷಿದ್ಧ. ತತ್ಫಲವಾಗಿ ಮನೆಯ ಗೋಂದಿಗೆ ಆಯುಷ್ಯ ಕಡಮೆ. ಅದು ಹಳಸಿದ ಸುದ್ದಿಯನ್ನು ಮೂಗಿಗೆ ಯಾರೂ ಹೇಳಬೇಕಾಗಿಲ್ಲ.

ಇಲ್ಲಿ ಗೃಹಸ್ಥನ ಪೂರ್ವಪಕ್ಷ: “ಅಂಗಡೀಲಿ ಒಂದು ಶೀಸೆ ತಂದ್ರೆ ವರ್ಷವೆಲ್ಲ ಬರುತ್ತೆ. ಹಿಟ್ಟು, ಗ್ಯಾಸು, ಸೋಪು, ಅವಳ ಕೂಗಾಟ, ಇಷ್ಟೆಲ್ಲ ಯಾಕೆ?” ಇದನ್ನು ನಾವು ಪೂರ್ತಿಯಾಗಿ ಒಪ್ಪುತ್ತೇವೆ; ತೀದುಹೋದ ಪಾತ್ರೆಯ ಲೆಕ್ಕವನ್ನೂ ಸೇರಿಸಿ ಅದನ್ನು ಇನ್ನಷ್ಟು ಬಲಪಡಿಸುತ್ತೇವೆ. ಆದರೆ ಅಂಗಡಿಯ ಗೋಂದು ಸಾಧನ, ಮನೆಯ ಗೋಂದು ಸಾಧ್ಯ. ಕಾಗದದ ಮನೆ ಕಟ್ಟುವೆವೆಂದು ಗೋಂದು ಕಾಯಿಸಲು ಕುಳಿತ ಮಕ್ಕಳು, ಗೋಂದು ಆರುವ ವೇಳೆಗೆ ಮನೆಯ ಮಾತನ್ನೇ ಮರೆತಿರುತ್ತಾರೆ. ನೆನಪಿಸಿದರೆ ‘ಇನ್ನೊಂದು ಸಲ ಮಾಡೋಣ’ ಎನ್ನುವುದು ಗೋಂದನ್ನೇ.

ಹೊಳೆನರಸೀಪುರದ ವಿಷಯದಲ್ಲಿ ಒಂದು ಮಾತು ಸಾಕು. ಶಂಕರಭಾಷ್ಯಗಳನ್ನು ಕನ್ನಡಕ್ಕೆ ತಂದು ಪ್ರಕಟಿಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವಿರುವ ಆ ಊರಿನಲ್ಲಿ, ಒಂದನ್ನು ಇನ್ನೊಂದೆಂದು ಬಗೆಯುವ ಅಧ್ಯಾಸಕ್ಕೆ ಹಗ್ಗ-ಹಾವಿನ ದೃಷ್ಟಾಂತವನ್ನು ಹುಡುಕಿಹೋಗಬೇಕಾಗಿಲ್ಲ. ತಟ್ಟೆಯಲ್ಲಿ ಆರಲಿಟ್ಟ ಗೋಂದನ್ನು ಮಗುವಿನ ಸರಿಯೆಂದು ಬಗೆದು, ಸಕ್ಕರೆ ಸಾಲದೆಂದು ಆಕ್ಷೇಪಿಸಿದ ಸೋದರಮಾವನೇ ಸಾಕು. ಗೋಂದಿನ ಒಡಹುಟ್ಟುಗಳಾದ ಕೈಗೆಲಸಗಳೂ ಉಳಿದ ಶಾಖೆಗಳಲ್ಲಿ ಒಂದೊಂದುಂಟು. ಹಾಸನದಲ್ಲಿ ಗೊಂಬೆಗೆ ಮಣ್ಣು ತರಹೊರಟ ಹುಡುಗರು ಹುತ್ತದ ಮಣ್ಣೇ ನಯವೆಂದು ತಿಳಿದಿದ್ದರೂ, ಊರದೇವತೆ ಹಾಸನಾಂಬೆಯೇ ಹುತ್ತರೂಪದಲ್ಲಿ ಪೂಜೆಗೊಳ್ಳುತ್ತಿರುವಾಗ ಗುದ್ದಲಿಯೆತ್ತಲು ಹಿಂಜರಿದು, ಕೆರೆಯ ಜೇಡಿಗೆ ತೃಪ್ತರಾಗುತ್ತಾರೆ.

ಅರಕಲಗೂಡು ಶಾಖೆಯದು ಗಂಭೀರವಾದ ವಿಷಯ. ಆ ಸೀಮೆಯಲ್ಲಿ ಆಲೂಗೆಡ್ಡೆಯ ಬಿತ್ತನೆ ಮೇ ತಿಂಗಳ ಮಳೆಗೆ. ಬಿತ್ತನೆಗೆಡ್ಡೆ ಬರುವುದು ಪಂಜಾಬಿನ ಜಾಲಂಧರದಿಂದ. ಶಾಲೆಗೆ ರಜೆಯೂ ಆಗಲೇ. ಹೀಗೆ ಗೆಡ್ಡೆ, ಮಗು, ಬಿಡುವು ಮೂರೂ ಒಂದೇ ಪಡಸಾಲೆಯಲ್ಲಿ ಕೂಡಿದ ಮೇಲೆ ಆಗಬಾರದ್ದು ಆಗಿಯೇ ತೀರುತ್ತದೆ. ಗೆಡ್ಡೆಯನ್ನು ಅಡ್ಡಲಾಗಿ ಕೊಯ್ದು, ಒಸರಿದ ಪಿಷ್ಟದ ನೀರನ್ನು ಬಟ್ಟೆಗೊತ್ತಿ, ಅಕ್ಷರವನ್ನುಳಿಸಿ ಸುತ್ತಣ ತಿರುಳನ್ನು ಚಮಚದ ಹಿಡಿಯಿಂದ ಕೆತ್ತಿದರೆ ಅಚ್ಚು ಸಿದ್ಧ. ಬಣ್ಣಕ್ಕೆ ಅರಿಸಿನ, ಅದಕ್ಕೆ ಸುಣ್ಣ ತಾಕಿಸಿದರೆ ಕೆಂಪು, ನಿಂಬೆರಸ ಹಿಂಡಿದರೆ ಪುನಃ ಹಳದಿ. ಈ ಪವಾಡ ಚಿತ್ರಾನ್ನದ ನಿಂಬೆಹಣ್ಣು ಮುಗಿಯುವ ತನಕ ನಡೆಯುವುದು. ಆದರೆ ಅಕ್ಷರವನ್ನು ತಿರುವುಮುರುವಾಗಿ ಕೆತ್ತಬೇಕೆಂಬ ಮುದ್ರಣಸೂಕ್ಷ್ಮವನ್ನರಿಯದ ಬಾಲಕರು ಗೋಡೆಯ ಮೇಲೆ ಒತ್ತಿದ ಲಿಪಿ, ಶಾಸನಸಂಶೋಧಕರಾದ ರೈಸ್ ಮಹಾಶಯರು 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಶಾಸನಸಂಪುಟದಲ್ಲಿಯೂ ದೊರೆಯದು.

“ಕಣ್ಣಿರೋ ಗೆಡ್ಡೇನೇ ಕೊಯ್ದಿದ್ದೀಯಲ್ಲೋ ಮಗಾ!” ಎಂದು ತಾತ.

“ಕಣ್ ಬಿಟ್ಕೊಂಡೇ ಕೊಯ್ದೆ ತಾತ.”

ಇದಕ್ಕೆ ಉತ್ತರಪಕ್ಷ ಇದುವರೆಗೆ ಹೊರಟಿಲ್ಲ.

ಚನ್ನರಾಯಪಟ್ಟಣ ತೆಂಗಿನ ನಾಡು. ಅಲ್ಲಿ ಚಿಪ್ಪೇ ಬಣ್ಣದ ಬಟ್ಟಲು, ತುದಿ ಜಜ್ಜಿದ ನಾರೇ ಕುಂಚ, ಸುಟ್ಟ ಚಿಪ್ಪಿನ ಇದ್ದಿಲೇ ಕಪ್ಪು. ಹುಣಸೆಬೀಜವನ್ನು ಹುರಿದು, ಸಿಪ್ಪೆ ಕಳೆದು, ನೆನೆಸಿ, ಅರೆದು, ಕುದಿಸಿದ ಸರಿಗೆ ಈ ಇದ್ದಿಲಪುಡಿ ಬೆರೆಸಿ ಹಳೆಯ ಪಂಚೆಗೆ ಬಳಿದು ಒಣಗಿಸಿದರೆ, ನಮ್ಮ ಹಿರಿಯರು ಲೆಕ್ಕವಿಡುತ್ತಿದ್ದ ಕಡತವೇ ಆಯಿತು. ಬಳಪದಿಂದ ಬರೆದು ಅಳಿಸಿ ಬರೆಯಬಹುದು. ಬಳಪವೆಂದರೆ ಸಾಮಾನ್ಯವೆ? ಅದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯ ನಿಂತಿರುವುದು ಬಳಪದ ಕಲ್ಲಿನಿಂದ. ಗಣಿಯಿಂದ ಬಂದಾಗ ಮೆತ್ತಗಿದ್ದು, ಗಾಳಿಗೆ ಕ್ರಮೇಣ ಗಟ್ಟಿಯಾಗುವ ಕಲ್ಲು. ಶಿಲ್ಪಿಗಳಾದ ಬೈಚೋಜ, ಮಲ್ಲಿತಮ್ಮರು ಅದರಲ್ಲಿ ತಮ್ಮ ಹೆಸರನ್ನು ಕೆತ್ತಿದರೆ ಅದು ಇತಿಹಾಸ. ನಮ್ಮ ಮಕ್ಕಳು ಅದರಿಂದ ತಮ್ಮ ಹೆಸರನ್ನು ಬೀರುವಿನ ಮೇಲೆ ಬರೆದರೆ ಏಟು. ವಿದ್ವತ್ತಿನ ಈ ಪಕ್ಷಪಾತವನ್ನು ಖಂಡಿಸದೆ ಮುಂದುವರಿಯಲಾರೆವು.

ಉಳಿದುದು ಉಳಿಕೆಯ ವಿಚಾರ, ಎಂದರೆ ಪಾತ್ರೆಯ ತಳದ ಗೋಂದಿನ ಗತಿ. ಹಸುವಿನ ಕಲಗಚ್ಚಿಗೆ ಸೇರಲೆಂದು ಕೆಲವರು, ಸೀರೆಗೆ ಗಂಜಿಯಾಗಲೆಂದು ಕೆಲವರು. ನಾಳೆಗಿರಲೆಂಬುದು ಮಕ್ಕಳ ಪಕ್ಷ. ಈ ಮೂರು ಮತಗಳ ಖಂಡನಮಂಡನ ನಡೆಯುತ್ತಿದ್ದಂತೆ, ವಾದಕ್ಕೆ ಕಿವಿಗೊಡದ ಅಜ್ಜಿ ಹಳೆಯ ಪತ್ರಿಕೆಗಳನ್ನು ನೆನೆಹಾಕಿ ರುಬ್ಬಿ, ಮೆಂತ್ಯದ ಹಿಟ್ಟನ್ನೂ ಆ ಗೋಂದನ್ನೂ ಕಲಸಿ, ಸಂದು ಬಿಟ್ಟ ಮೊರಕ್ಕೆ ಎರಡು ಕೈಯಿಂದ ಮೆತ್ತಿ ಬಿಸಿಲಿಗಿಟ್ಟರು. “ಮುಟ್ಬೇಡ್ರೋ, ನಾಳಿದ್ದು ರಾಗಿ ಕೇರ್ಬೇಕು” ಎಂದರು.