ಮುಂದೆ ತಂಬಾಕು, ಹಿಂದೆ ಇಲಿ

ಹಳೇ ಕಾರು ಇಟ್ಟುಕೊಂಡವರೆಲ್ಲ ಒಳಗೊಳಗೇ ಮೆಕ್ಯಾನಿಕ್ಕುಗಳು. ಇಲ್ಲ ಅನ್ನಬೇಡಿ. ನಿಮ್ಮ ಮನೆಯ ಅಟ್ಟದಲ್ಲೂ ಗ್ರೀಸು ಮೆತ್ತಿದ ಒಂದು ಸ್ಪ್ಯಾನರ್ ಸೆಟ್ಟಿದೆ, ಅದರಲ್ಲಿ ಬೇಕಾದ ನಂಬರಿನದು ಮಾತ್ರ ಇಲ್ಲ.

ನನ್ನ ತಲೆ ತಿರುಗಿಸಿದ್ದು ಕಾರ್ಬ್ಯುರೇಟರು. 1983ರ ಕೊನೆಗೆ ಬಂದ ಮಾರುತಿ 800ರಲ್ಲಿ ಮೊದಮೊದಲು ಇದ್ದದ್ದು ಅದೇ. ಸ್ಕ್ರೂ ಬಿಚ್ಚಿ, ಜೆಟ್ಟಿಗೆ ಬಾಯಿಟ್ಟು ಉಫ್ ಅಂತ ಊದಿದರೆ ಗಾಡಿ ಸ್ಟಾರ್ಟು. ಕೊಳವೆ ಕಿರಿದಾದಲ್ಲಿ ಗಾಳಿ ಜೋರಾಗಿ ನುಗ್ಗುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಪೆಟ್ರೋಲು ತಾನಾಗಿ ಮೇಲೇಳುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನಾನು ಇದನ್ನು ಹುಡುಗರಿಗೂ ವಿವರಿಸಿದ್ದೇನೆ, ಹೆಂಡತಿಗೂ ವಿವರಿಸಿದ್ದೇನೆ. ಹುಡುಗರು ಆಕಳಿಸಿದರು. ಹೆಂಡತಿ ಆಕಳಿಸಲಿಲ್ಲ, ಮದುವೆಯಾಗಿ ಇನ್ನೂ ವಾರ ಕಳೆದಿರಲಿಲ್ಲ.

ಈ ವಿದ್ಯೆಗೆ ಕಲ್ಲು ಹಾಕಿದ್ದು ದಿಲ್ಲಿಯ ಹೊಗೆ. 1999ರಲ್ಲಿ ಸುಪ್ರೀಂ ಕೋರ್ಟು ದಿಲ್ಲಿ ಕಡೆ ಮಾರುವ ಹೊಸ ಕಾರುಗಳ ಹೊಗೆಗೆ ಯೂರೋ ನಿಯಮ ಹಾಕಿತು. ಮರುವರ್ಷದ ಹೊತ್ತಿಗೆ 800ರಲ್ಲೂ ಕಾರ್ಬ್ಯುರೇಟರಿನ ಜಾಗಕ್ಕೆ ಎಂಪಿಎಫ್‌ಐ ಅನ್ನುವ ಇಂಜೆಕ್ಷನ್ನು ಬಂತು. ತಂಬಾಕು ಹದಮಾಡುವ ಬ್ಯಾರನ್‌ಗಳು ಹಗಲೂ ರಾತ್ರಿ ಹೊಗೆಯಾಡುವ ಪಿರಿಯಾಪಟ್ಟಣದಲ್ಲಿ ಕೂತವನಿಗೆ, ಎಲ್ಲೋ ಇರುವ ದಿಲ್ಲಿಯ ಹೊಗೆಯಿಂದ ತೊಂದರೆ ಆಗಬೇಕೇ ಹೇಳಿ.

ಈಗ ನನ್ನದೂ ಎಂಪಿಎಫ್‌ಐ ಗಾಡಿಯೇ. ಅದರಲ್ಲಿ ಊದುವುದಕ್ಕೆ ಏನೂ ಇಲ್ಲ. ಮೂರು ಸಿಲಿಂಡರಿಗೆ ಮೂರು ಇಂಜೆಕ್ಟರು. ಯಾವುದು ಯಾವಾಗ, ಎಷ್ಟು ಹೊತ್ತು ಬಾಯಿ ತೆರೆಯಬೇಕು ಅಂತ ಒಂದು ಕಂಪ್ಯೂಟರು ಹೇಳುತ್ತದೆ. ಟ್ಯಾಂಕಿನೊಳಗೇ ಮುಳುಗಿ ಕೂತ ಪಂಪು ಪೆಟ್ರೋಲನ್ನು ಸುಮಾರು 3 ಬಾರ್ ಒತ್ತಡದಲ್ಲಿ ತಳ್ಳುತ್ತದೆ, ಟೈರಿನ ಗಾಳಿಗಿಂತ ಜೋರು. ಇದನ್ನೆಲ್ಲ ಓದಿ ತಿಳಿದುಕೊಂಡೆ. ತಿಳಿದದ್ದೇ ಕೇಡಾಯಿತು.

ನಮ್ಮ ಕಡೆ ಮಳೆ ಹಿಡಿದರೆ ಇಲಿಗಳಿಗೆ ಕಾರಿನ ಬಾನೆಟ್ಟೇ ಛತ್ರ. ವೈರು ಕಡಿಯುತ್ತವೆ. ಪಕ್ಕದ ಮನೆ ಗೌಡರು, "ಮೇಷ್ಟ್ರೇ, ಒಂದು ಕಟ್ಟು ತಂಬಾಕು ಒಳಗಿಡಿ, ಆ ಘಾಟಿಗೆ ಇಲಿ ಹತ್ರ ಸುಳಿಯಲ್ಲ" ಅಂದರು. ನಮ್ಮೂರಲ್ಲಿ ತಂಬಾಕಿಗೆ ಬರವೇ? ಗೌಡರೇ ಕೊಟ್ಟರು, ಬಾನೆಟ್ಟಿನಡಿ ಕಟ್ಟಿದೆ. ಇಲಿ ಸುಳಿಯಲಿಲ್ಲ. ಸ್ಟಾಫ್ ರೂಮಿನಲ್ಲಿ ಇದರ ಮೇಲೆ ಭಾಷಣವೂ ಆಯಿತು.

ಶ್ರಾವಣದ ಒಂದು ಭಾನುವಾರ ಕೆ.ಆರ್. ನಗರದಲ್ಲಿ ನೆಂಟರ ಮದುವೆ. ಎಲ್ಲರೂ ರೇಷ್ಮೆ ಉಟ್ಟು ಹತ್ತಿದರು. ಕೀ ತಿರುಗಿಸಿದೆ. ಕರ್ ಕರ್ ಕರ್. ಅಷ್ಟೇ.

ಹಿಂದಿನಿಂದ ಅವ್ವ ಅಂದಳು: "ಸೀಟು ಗುಂಯ್ ಅಂತಾ ಇಲ್ಲ ಕಣ್ಲಾ."

ಅವ್ವನಿಗೆ ಕಿವಿ ಮಂದ. ಮನೆ ಮುಂದೆ ಲಾರಿ ಹಾರ್ನ್ ಹೊಡೆದರೂ ಕೇಳದವಳಿಗೆ ಗುಂಯ್ ಎಲ್ಲಿ ಕೇಳೀತು ಅಂತ ಸುಮ್ಮನಾದೆ.

"ರೀ, ಆ ಗ್ಯಾರೇಜಿನ ಹುಡುಗನಿಗೆ ಫೋನ್ ಮಾಡಬಾರದಾ?" ಅಂದಳು ಹೆಂಡತಿ. ಹುಡುಗ ನನ್ನ ಹಳೇ ಶಿಷ್ಯ. ವಿಜ್ಞಾನದಲ್ಲಿ ಅವನನ್ನು ಫೇಲ್ ಮಾಡಿದವನು ನಾನೇ. ಫೋನ್ ಮಾಡುವುದುಂಟೇ? ಅವಳು ಮಗನನ್ನು ಕರೆದುಕೊಂಡು, ಹುಣಸೂರಲ್ಲಿ ಬಸ್ಸು ಬದಲಾಯಿಸಿ ಹೋಗುತ್ತೇನೆ ಅಂತ ಹೊರಟೇಬಿಟ್ಟಳು. ಬಸ್ಸು ಒಗ್ಗದ ಅವ್ವ ಎಲೆಅಡಿಕೆ ಚೀಲ ಬಿಚ್ಚಿಕೊಂಡು ಹಿಂದಿನ ಸೀಟಿನಲ್ಲೇ ಉಳಿದಳು.

ಪಿರಿಯಾಪಟ್ಟಣದ ಕಾಳಗದ ಮೇಲೆ ಜನಪದರು ಹಾಡು ಕಟ್ಟಿದ್ದಾರೆ. ನನ್ನ ಕಾಳಗವನ್ನು ಅವರು ನೋಡದೆ ಹೋದದ್ದು ಪುಣ್ಯ.

ಮೊದಲು ಕಿವಿ ಪರೀಕ್ಷೆ. ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿಗಿಟ್ಟು, ಹಿಡಿಯನ್ನು ಕಿವಿಗಿಟ್ಟರೆ ಒಳಗಿನ ಸದ್ದು ಕೇಳುತ್ತದೆ. ಬೇಲಿಯಾಚೆ ಇದ್ದ ಗೌಡರನ್ನು ಕೀ ತಿರುಗಿಸಲು ಕೂರಿಸಿದೆ. ಟಿಕ್ ಟಿಕ್ ಟಿಕ್. ಮೂರೂ ಇಂಜೆಕ್ಟರು ಆರೋಗ್ಯವಾಗಿವೆ ಅಂತ ಘೋಷಿಸಿದೆ. ಘೋಷಿಸಿದ ಮೇಲೆ ಮೂರನ್ನೂ ಬಿಚ್ಚಿದೆ. ಯಾಕೆ ಅಂತ ಗೌಡರೂ ಕೇಳಿದರು. ತಂದಿಟ್ಟ ಸ್ಪ್ಯಾನರಿಗೆ ಏನಾದರೂ ಕೆಲಸ ಬೇಡವೇ?

ಬಿಚ್ಚುವ ಮುಂಚೆ ಪೈಪಿನ ಒತ್ತಡ ಇಳಿಸಬೇಕು, ಇಲ್ಲದಿದ್ದರೆ ಪೆಟ್ರೋಲು ಮುಖಕ್ಕೇ ಎರಚುತ್ತದೆ. ಅದಕ್ಕೆ ಪಂಪಿನ ಫ್ಯೂಸು ಕಿತ್ತು ಕ್ರ್ಯಾಂಕ್ ಮಾಡಿಸಬೇಕು. ಎಲ್ಲ ಶಾಸ್ತ್ರೋಕ್ತವಾಗಿ ಮಾಡಿದೆ. ಫ್ಯೂಸು ಜೋಪಾನವಾಗಿ ಶರ್ಟಿನ ಜೇಬಿಗೆ ಸೇರಿತು. ಆದರೂ ಪೈಪಿನಿಂದ ಅಷ್ಟಿಷ್ಟು ಪೆಟ್ರೋಲು ಶರ್ಟಿಗೆ ಚಿಮ್ಮಿತು.

ಗೌಡರು ಕಂಪಲಾಪುರದ ತಂಬಾಕು ಹರಾಜಿನಲ್ಲಿ ಬೇಲ್ ಮುಟ್ಟಿ ನೋಡುವ ಕಂಪನಿಯವರ ಹಾಗೆ ಇಂಜೆಕ್ಟರನ್ನು ತಿರುಗಿಸಿ, ಮೂಸಿ, ತಲೆಯಾಡಿಸಿ ಕೆಳಗಿಟ್ಟರು. ಅದರ ತುದಿಯ ಕರೀ ರಬ್ಬರ್ ರಿಂಗು ಜಾರಿ ನೆಲಕ್ಕೆ ಬಿತ್ತು. ಅವರ ಮನೆ ಕೋಳಿ ಬಂತು, ಕುಕ್ಕಿತು, ನುಂಗಿತು. "ಏನಾಗಲ್ಲ ಬಿಡಿ ಮೇಷ್ಟ್ರೇ, ಅದಕ್ಕೆ ಅರಗ್ತದೆ" ಅಂದರು ಗೌಡರು. ಅವರ ಚಿಂತೆ ಕೋಳಿಯದು.

ರಿಂಗಿಲ್ಲದೆ ಜೋಡಿಸುವಂತಿಲ್ಲ. ಸಂಜೆ ಹೊತ್ತಿಗೆ ಶಿಷ್ಯನಿಗೆ ಫೋನ್ ಮಾಡಿದೆ, ರಿಂಗು ಮಾತ್ರ ತಂದುಕೊಡು ಅಂತ. ಅವನು ರಿಂಗು ಕೊಟ್ಟು ವಿನಯದಿಂದ ಕೇಳಿದ: "ಸಾರ್, ಕೀ ಆನ್ ಮಾಡಿದ ತಕ್ಷಣ ಎರಡು ಸೆಕೆಂಡು ಪಂಪು ಗುಂಯ್ ಅನ್ನಬೇಕಲ್ಲ, ಅಂತಿತ್ತಾ?"

ನಾನು ಅವ್ವನ ಮುಖ ನೋಡಿದೆ.

"ಬೆಳಗ್ಗೆನೇ ಹೇಳ್ದೆ" ಅಂದಳು ಅವ್ವ. "ದಿನಾ ಸೊಂಟಕ್ಕೆ ಸಣ್ಣಗೆ ನಡುಕ ಬರ್ತಿತ್ತು. ಇವತ್ತಿಲ್ಲ."

ಅವ್ವನನ್ನು ಇಳಿಸಿ ಸೀಟು ಎತ್ತಿದ. ಕೆಳಗೆ ಒಂದು ಸಂಸಾರವೇ ಇತ್ತು. ರಾಗಿ, ಹತ್ತಿ, ನನ್ನ ಹಳೇ ಇನ್ಶೂರೆನ್ಸ್ ಕಾಗದದ ಚೂರು. ನಡುವೆ ಪಂಪಿಗೆ ಹೋಗುವ ವೈರು, ಕಡಿದದ್ದು. ಮುಂದೆ ತಂಬಾಕಿನ ಘಾಟು ತಡೆಯಲಾರದೆ ಇಲಿ ಹಿಂದಕ್ಕೆ ಮನೆ ಬದಲಾಯಿಸಿತ್ತು. ವೈರು ಸೇರಿಸಿ ಟೇಪು ಸುತ್ತಿದ, ಇಂಜೆಕ್ಟರುಗಳನ್ನು ಕೂರಿಸಿದ. ಕೀ ತಿರುಗಿಸಿದ. ಕರ್ ಕರ್ ಕರ್.

"ಸಾರ್, ಫ್ಯೂಸೆಲ್ಲಿ?"

ಫ್ಯೂಸು ಶರ್ಟಿನಲ್ಲಿ. ಶರ್ಟು ಬಚ್ಚಲಲ್ಲಿ. ಪೆಟ್ರೋಲಿನ ವಾಸನೆ ಹೆಂಡತಿಗೆ ಗೊತ್ತಾಗದಿರಲಿ ಅಂತ ಸೋಪಿನ ಪುಡಿಯಲ್ಲಿ ನೆನೆಹಾಕಿದ್ದೆ. ಜೇಬು ಖಾಲಿ. ಮೊಣಕೈವರೆಗೆ ನೊರೆಯಲ್ಲಿ ಮುಳುಗಿಸಿ ಬಕೆಟ್ಟಿನ ತಳ ತಡಕಾಡುತ್ತಿದ್ದೆ. ಅಷ್ಟರಲ್ಲಿ ತಾಂಬೂಲದ ಚೀಲ ಹಿಡಿದು ಹೆಂಡತಿ ಬಂದಳು. ಬಾಗಿಲಲ್ಲಿ ನಿಂತು ನೋಡಿದಳು.

"ಹೋಗ್ಲಿ, ಬಟ್ಟೆ ಒಗೆಯೋದಾದ್ರೂ ಕಲಿತ್ರಲ್ಲ."

ಫ್ಯೂಸು ಸಿಕ್ಕಿತು, ಒರೆಸಿ ಹಾಕಿದ್ದಾಯಿತು. ಗಾಡಿ ಸ್ಟಾರ್ಟ್ ಆಯಿತು. ಶಿಷ್ಯ ದುಡ್ಡು ಬೇಡ ಅಂದ. "ಗುರುಗಳ ಹತ್ರ ಹೆಂಗೆ ಸಾರ್ ತಗೊಳ್ಳೋದು" ಅಂದ. ಇಸ್ಕೊಂಡಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮರುದಿನ ಬೆಳಗ್ಗೆ ಗೌಡರು ಬಾಗಿಲು ತಟ್ಟಿದರು. ಸ್ಕ್ರೂಡ್ರೈವರು ಕೈಗೆತ್ತಿಕೊಂಡೇ ಹೊರಗೆ ಬಂದೆ.

"ಮೇಷ್ಟ್ರೇ, ನಮ್ಮ ವ್ಯಾನೂ ಸ್ಟಾರ್ಟ್ ಆಗ್ತಾ ಇಲ್ಲ" ಅಂದರು. ನಾನು ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ನನ್ನ ಭುಜದ ಮೇಲಿಂದ ಒಳಗೆ ಇಣುಕಿದರು.

"ನೀವು ಬೇಡ ಬಿಡಿ. ಅವ್ವಾರು ಎದ್ದವ್ರಾ? ಒಂದು ಗಳಿಗೆ ಹಿಂದಿನ ಸೀಟಲ್ಲಿ ಕೂರಿಸಿ ನೋಡ್ಬೇಕಿತ್ತು."